ಸೌತೆ ಫ್ಯಾಕ್ಟರಿಯಲ್ಲಿ ನಾನು ಮಾಡಿದ ಅನುವಾದ

ತೊಂಬತ್ತರ ದಶಕದ ನಡುವಿನಲ್ಲಿ ಕೆಲವು ವರ್ಷ ನಾನು ಪಾಂಡವಪುರದಾಚೆ, ಕೆ.ಆರ್. ಪೇಟೆ ರಸ್ತೆಯಲ್ಲಿದ್ದ ಒಂದು ಸೌತೆಕಾಯಿ ಫ್ಯಾಕ್ಟರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಬೆರಳುದ್ದದ ಮಿಡಿಸೌತೆಯನ್ನು ಸುತ್ತಲಿನ ಊರುಗಳಿಂದ ತರಿಸಿ, ತೊಳೆದು, ಉಪ್ಪು ಮತ್ತು ವಿನೆಗರ್ ಬೆರೆಸಿದ ನೀರಿನ ಡ್ರಮ್ಮುಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತಿದ್ದರು. ನಮ್ಮ ಕಡೆ ಯಾರೂ ಅದನ್ನು ತಿನ್ನುತ್ತಿರಲಿಲ್ಲ. ನಮ್ಮ ಮನೆ ಗಂಜಾಂನಲ್ಲಿತ್ತು, ಅಪ್ಪ ಶಾಲೆಯ ಮೇಷ್ಟ್ರು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದೆ ಅನ್ನುವ ಒಂದೇ ಕಾರಣಕ್ಕೆ ನನಗೆ ಆ ಕೆಲಸ ಸಿಕ್ಕಿತ್ತು.

ಒಂದು ಮಳೆಗಾಲದಲ್ಲಿ, ಸೌತೆ ಕೊಳ್ಳುವ ಹೊರದೇಶದ ಕಂಪನಿಯಿಂದ ದಪ್ಪನೆಯ ಕಾಗದದ ಕಟ್ಟು ಬಂತು. ತಮಗೆ ಮಾಲು ಕೊಡುವವರು ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮಗಳು. ಉಪ್ಪುನೀರಲ್ಲಿ ಕೆಲಸ ಮಾಡುವವರಿಗೆ ದಿನವೂ ರಬ್ಬರ್ ಗ್ಲೌಸು ಕೊಡಬೇಕು. ಆ ನೀರನ್ನು ಗದ್ದೆಗಾಗಲಿ ನಾಲೆಗಾಗಲಿ ಬಿಡಬಾರದು. ಕಷ್ಟ ಹೇಳಿಕೊಂಡವರನ್ನು ಕೆಲಸದಿಂದ ತೆಗೆಯಬಾರದು. ಮ್ಯಾನೇಜರು ಹೇಳಿದರೆಂದು ನಾನೇ ಅದನ್ನೆಲ್ಲ ಕನ್ನಡಕ್ಕೆ ತಿರುಗಿಸಿ, ಟೈಪು ಮಾಡಿ, ತೊಳೆಯುವ ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರಲ್ಲಿ ಓದು ಬರುತ್ತಿದ್ದವರು ಕಡಿಮೆ. ತೇವಕ್ಕೆ ಉಬ್ಬಿ ಕಾಗದ ಒಂದು ವಾರಕ್ಕೇ ಕಳಚಿಬಿತ್ತು.

ಆಮೇಲೆ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಲು ಆ ಕಂಪನಿಯ ಒಬ್ಬ ಹೆಂಗಸು ಬರುತ್ತಾರೆ ಅಂತ ಗೊತ್ತಾಯಿತು. ಬರುವ ದಿನ ಬೆಳಿಗ್ಗೆ ಮ್ಯಾನೇಜರು ಎಲ್ಲರಿಗೂ ಹೊಸ ಗ್ಲೌಸು ಹಂಚಿಸಿದರು. "ದಿನಾ ಕೊಡ್ತಾರೆ ಅನ್ನಿ, ಅಷ್ಟೇ. ಬೇರೆ ಮಾತು ಬೇಡ," ಅಂದರು. ನನ್ನತ್ತ ತಿರುಗಿ, "ನೀವು ಜೊತೆಗಿದ್ದು ಅವರ ಮಾತನ್ನ ಇಂಗ್ಲಿಷಲ್ಲಿ ಹೇಳಿಬಿಡಿ," ಅಂದರು. ಹೀಗೇ ಹೇಳಿ ಅಂತ ನನಗೆ ಹೇಳಲಿಲ್ಲ. ಅದನ್ನು ಈಗಲೂ ನೆನಪಿಟ್ಟುಕೊಂಡಿದ್ದೇನೆ.

ಬಂದಾಕೆ ನಡುವಯಸ್ಸಿನವರು, ಮೆದು ಮಾತು. ತೊಟ್ಟಿಯ ಹತ್ತಿರ ನಿಂತು, ಅಕ್ಕಿಹೆಬ್ಬಾಳಿನ ಕಡೆಯಿಂದ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸನ್ನು ಆರಿಸಿಕೊಂಡರು. ಗ್ಲೌಸು ದಿನವೂ ಕೊಡುತ್ತಾರೆಯೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಹಾಗೇ ಕೇಳಿದೆ.

ಆಕೆ ಗ್ಲೌಸು ಕಳಚಿ ಎರಡೂ ಕೈ ಮುಂದೆ ಚಾಚಿದಳು. ಬೆರಳ ಸಂದಿಯೆಲ್ಲ ಸೀಳಿ ಕೆಂಪಾಗಿತ್ತು.

"ಒಂದಿನಾನೂ ಕೊಟ್ಟಿಲ್ಲ ಕಣವ್ವ. ಇವತ್ತೇ ಕೊಟ್ಟವ್ರೆ, ಸಂಜಿಕೆ ಇಸ್ಕೊಂಬುಡ್ತಾರೆ. ಉಪ್ನೀರು ತಾಕಿ ತಾಕಿ ಇಂಗಾಗದೆ. ಸಾರಲ್ಲಿ ಮುದ್ದೆ ಅದ್ದಕ್ಕಾಗಕಿಲ್ಲ, ಅಂಗೆ ಉರೀತದೆ. ನೀರ್ನೂ ಅಲ್ಲೇ ಇಂದ್ಲ ಗದ್ದೆಗೆ ಬುಡ್ತಾರೆ. ಎಲ್ಲಾನೂ ಯೋಳವ್ವ ಆವಮ್ಮಂಗೆ."

ಮ್ಯಾನೇಜರು ಮೂರು ಮಾರು ದೂರದಲ್ಲಿ ನಿಂತಿದ್ದರು. ಡ್ರಮ್ಮಿನ ಮೇಲಿನ ಚೀಟಿ ಓದುತ್ತಿದ್ದರು, ನನ್ನ ಕಡೆ ನೋಡಲೂ ಇಲ್ಲ.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ದಿನವೂ ಕೊಡುತ್ತಾರಂತೆ. ಕೈಯ ಗಾಯ ಇಲ್ಲಿನದಲ್ಲವಂತೆ, ಮನೆಯ ಹೊಲದಲ್ಲಿ ಕಬ್ಬು ಸವರುವಾಗ ಆದದ್ದಂತೆ.

ಕಬ್ಬಿನ ಮಾತು ನನಗೆ ಎಲ್ಲಿಂದ ಬಂತೋ ತಿಳಿಯದು. ಯೋಚನೆ ಮಾಡಿ ಹೇಳಿದ್ದಲ್ಲ. ಹೆದರಿಕೆಯೂ ಆಗಿರಲಿಲ್ಲ. ಕಾಗದ ತೂರಿಸಿ ಟೈಪು ಮಾಡುವ ಹಾಗೆ ಮಾತು ಹೊರಗೆ ಬಂತು.

ಬಂದಾಕೆ ಆ ಕೈಗಳನ್ನು ನೋಡಿ "ಅಯ್ಯೋ" ಅನ್ನುವಂಥ ಮುಖ ಮಾಡಿ, ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

"ಬರ್ಕೊಂಡ್ರಾ?" ಅಂದಳು ಆಕೆ.

"ಬರ್ಕೊಂಡ್ರು," ಅಂದೆ.

ಸಂಜೆ ಗ್ಲೌಸೆಲ್ಲ ವಾಪಸು ಸ್ಟೋರಿಗೆ ಹೋದವು. ಒಂದೆರಡು ತಿಂಗಳಿಗೆ, ಎಲ್ಲ ನಿಯಮದಂತೆ ನಡೆಯುತ್ತಿದೆ ಅನ್ನುವ ಪತ್ರ ಬಂತು. ಮ್ಯಾನೇಜರು ಅದಕ್ಕೆ ಚೌಕಟ್ಟು ಹಾಕಿಸಿದರು. ಎಲ್ಲರಿಗೂ ಮೈಸೂರುಪಾಕು ಕೊಟ್ಟರು. ನಾನೂ ತಿಂದೆ.

ಆ ಹಿರಿಯ ಹೆಂಗಸು ಮಾತ್ರ ದಿನವೂ ನನ್ನ ಮೇಜಿನ ಪಕ್ಕದ ಕಿಟಕಿಗೆ ಬರುತ್ತಿದ್ದಳು. "ಏನಾರ ಕಾಗ್ದ ಬಂತಾ ಅವ್ವಾ?" ಇನ್ನೂ ಇಲ್ಲ ಅನ್ನುತ್ತಿದ್ದೆ. "ದೂರದ ದೇಸ ಅಲ್ವಾ, ಬರಬೇಕಲ್ಲ," ಅಂತ ತಾನೇ ಸಮಾಧಾನ ಹೇಳಿಕೊಂಡು ಹೋಗುತ್ತಿದ್ದಳು. ಸಂಕ್ರಾಂತಿಯ ನಂತರ ಕೆಲಸಕ್ಕೆ ಬರುವುದನ್ನೇ ನಿಲ್ಲಿಸಿದಳು. ಕೈಯಲ್ಲಿ ಕೀವು ತುಂಬಿದೆಯಂತೆ ಅಂತ ಅವಳ ಊರಿನವಳು ಹೇಳಿದಳು. ನಾನು ಅವತ್ತು ಮಾಡಬೇಕಿದ್ದ ಪತ್ರಗಳನ್ನು ಟೈಪು ಮಾಡಿ ಮುಗಿಸಿ ಬಸ್ಸು ಹಿಡಿದೆ.

ಮರುವರ್ಷ ಇನ್ನೊಬ್ಬರು ನೋಡಲು ಬಂದರು. ಅವರಿಗೂ ನಾನೇ ಅನುವಾದ ಮಾಡಿದೆ. ಆ ಸಲ ಯಾರೂ ಏನೂ ಹೇಳಿಕೊಳ್ಳಲಿಲ್ಲವಾದ್ದರಿಂದ ಕಷ್ಟವಾಗಲಿಲ್ಲ.

ಅದಾದ ಮೇಲೆ ಒಂದು ಅಮಾವಾಸ್ಯೆಯ ದಿನ, ಅಮ್ಮನ ಜೊತೆ ಹೋಗಿದ್ದ ನಿಮಿಷಾಂಬ ದೇವಸ್ಥಾನದ ನೂಕುನುಗ್ಗಲಿನಲ್ಲಿ ಯಾರೋ ನನ್ನ ತೋಳು ಹಿಡಿದರು. ನೋಡಿದರೆ ಅಕ್ಕಿಹೆಬ್ಬಾಳಿನ ಕಡೆಯ ಆಕೆ. ಜೊತೆಗೆ ಸೊಸೆ.

"ಈವಮ್ಮನೇ ಕಣೆ ನಾನು ಯೋಳ್ತಿದ್ದುದ್ದು," ಅಂದಳು ಸೊಸೆಗೆ. "ನನ್ ಕೈ ಸಂಗ್ತಿನೆಲ್ಲ ಆ ದೊರೆಸಾನಿಗೆ ಇಂಗ್ಲೀಸಲ್ಲಿ ಯೋಳುದ್ರು. ಅವ್ರು ಮನ್ಸು ಮಾಡ್ಲಿಲ್ಲ, ಇವ್ರೇನು ಮಾಡಾರು?"

ಸೊಸೆ ನನಗೆ ಕೈ ಮುಗಿದಳು.

ನಿಜ ಹೇಳಬಹುದಿತ್ತು. ಅದಕ್ಕೆ ಇಂಗ್ಲಿಷೇನೂ ಬೇಕಿರಲಿಲ್ಲ. "ಕೈ ಈಗ ಹೇಗಿದೆ?" ಅಂತ ಕೇಳಿದೆ. ವಾಸಿಯಾಗಿದೆ, ಎರಡು ಬೆರಳು ಮಾತ್ರ ಮಡಿಸಲು ಬರುವುದಿಲ್ಲ ಅಂದಳು. ಪ್ರಸಾದದ ತೆಂಗಿನ ಚೂರೊಂದನ್ನು ನನ್ನ ಅಂಗೈಯಲ್ಲಿಟ್ಟಳು. ಹೊತ್ತಾಯಿತು ಅಂದು ಅಮ್ಮನನ್ನು ಕರೆದುಕೊಂಡು ಮನೆಯ ದಾರಿ ಹಿಡಿದೆ.

ಅಮ್ಮ ಊಟಕ್ಕೆ ಬಡಿಸುತ್ತಾ, ಅಲ್ಲಿ ಮಾತಾಡುತ್ತಿದ್ದುದು ಯಾರೊಂದಿಗೆ ಎಂದು ಕೇಳಿದಳು. ಫ್ಯಾಕ್ಟರಿಯಲ್ಲಿ ಹಿಂದೆ ಇದ್ದವರು ಅಂದೆ. ಅವಳು ಇನ್ನಷ್ಟು ಅನ್ನ ಹಾಕಿದಳು.