ಕೆಂಡ ಆರದಷ್ಟು ದೂರ

ಮುದ್ದೆ ತೊಳಸುತ್ತಿದ್ದೆ. ಟಪಾಲಿನವನು ಬಾಗಿಲಲ್ಲಿ ನಿಂತು, "ತಂತಿ ಬಂದದೆ ಕಣವ್ವಾ" ಅಂದ. ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆ. ಚೊಂಬಿನ ನೀರೆತ್ತಿ ಉರಿಯುವ ಒಲೆಗೆ ಸುರಿದುಬಿಟ್ಟೆ. ಸಾವಿನ ಮನೆಯಲ್ಲಿ ಒಲೆ ಉರಿಯಬಾರದು. ತಂತಿ ಬಂತೆಂದರೆ ಸಾವೇ ಅಂತ ನಮ್ಮ ಹುಣಸೂರಿನ ಬೀದಿಗೆಲ್ಲ ಗೊತ್ತಿತ್ತು. ಓದಿಸಿ ನೋಡುವ ತಾಳ್ಮೆ ಯಾರಿಗೆ?

ಮಗಳು ಗೌರಿಯನ್ನು ಚೊಚ್ಚಲ ಬಾಣಂತನಕ್ಕೆ ಕರೆತರಲು ನಮ್ಮವರು ಗಾಡಿ ಕಟ್ಟಿಕೊಂಡು ಹೆಗ್ಗಡದೇವನಕೋಟೆಯ ಆಚೆಗೆ ಹೋಗಿ ನಾಲ್ಕು ದಿನವಾಗಿತ್ತು. ನಡುವೆ ಕಬಿನಿ ಹೊಳೆ.

ತಂತಿ ಇಂಗ್ಲಿಷಿನಲ್ಲಿತ್ತು. ಪಕ್ಕದ ಮನೆಯ ಕೆಂಪಮ್ಮ ಓಡಿಹೋಗಿ ಮೇಷ್ಟ್ರನ್ನು ಕರೆತಂದಳು. ಮೇಷ್ಟ್ರು ಒಳ್ಳೆಯವರೇ. ಆದರೆ ಕೈಗೊಂದು ಕಾಗದ ಸಿಕ್ಕರೆ ಎದುರಿಗಿರುವವರೆಲ್ಲ ಅವರಿಗೆ ಮೂರನೇ ಕ್ಲಾಸಿನ ಹುಡುಗರು.

"ದಾರಿಯಲ್ಲೇ ಹೆರಿಗೆಯಾಯಿತು, ಹೊಳೆಗೆ ನಿಯರ್. ನಿಯರ್ ಅಂದರೆ ಹತ್ತಿರ ಕಣಮ್ಮ. ಒಂದು ಕೂಗಳತೆ ಇದ್ದರೂ ನಿಯರೇ."

"ಗೌರಿ ಹೆಂಗವ್ಳೆ ಮೇಷ್ಟ್ರೆ?"

"ತಾಳಿ. ಮುಂದೆ ಬಿಸೈಡ್. ನಿಮ್ಮ ಯಜಮಾನರು ಅವಳ ಬಿಸೈಡ್ ಇದ್ದಾರಂತೆ. ಇದು ನಿಯರ್ ಅಲ್ಲ, ನೋಡಿ. ಮಗ್ಗುಲಿಗೇ, ಕೈ ಚಾಚಿದರೆ ಸಿಗುವಷ್ಟು..."

ಕೆಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಯ್ಯೋ ಸ್ವಾಮಿ, ಮಗ್ಗುಲಲ್ಲಿರೋ ಮಗಳು ಉಸಿರಾಡ್ತಾವ್ಳೋ ಇಲ್ವೋ, ಅದ ಮೊದ್ಲು ಯೋಳಿ! ಪಾಠ ನಾಳೀಕೆ ಮಾಡೀರಂತೆ."

"ತಾಯಿ, ಮಗು ಇಬ್ಬರೂ ಕ್ಷೇಮ" ಅಂದರು ಮೇಷ್ಟ್ರು. ಆ ಮಾತು ಕಾಗದದ ಕೊನೆಯಲ್ಲಿತ್ತಂತೆ. ಅದಕ್ಕೇ ಕೊನೆಯಲ್ಲಿ ಓದಿದರಂತೆ!

ಹತ್ತಿರಕ್ಕೆ ಇಂಗ್ಲಿಷಿನವರಿಗೆ ಅಷ್ಟೊಂದು ಮಾತು ಯಾಕೆ ಬೇಕೋ. ನಮಗೇನು ಆ ಲೆಕ್ಕ ಗೊತ್ತಿಲ್ಲವೆ? ದೇವರಿಗೆ ಎಷ್ಟು ಹತ್ತಿರ ನಿಲ್ಲಬೇಕು, ಅತ್ತೆಯಿಂದ ಎಷ್ಟು ಸರಿದು ಕೂರಬೇಕು ಅಂತ ಈ ಮನೆಗೆ ಕಾಲಿಟ್ಟ ದಿನವೇ ಕಲಿತವಳು ನಾನು. ನನ್ನ ಮನಸ್ಸು ಕರಗಿದ್ದು ಇನ್ನೊಂದಕ್ಕೆ. ಹೆರಿಗೆ ಮನೆಯ ಹೊಸಿಲ ಕಡೆ ಕತ್ತೂ ಹೊರಳಿಸದ ಗಂಡಸು, ಮಗಳ ಮಗ್ಗುಲಲ್ಲಿ! ನಾನಿರಬೇಕಾದ ಜಾಗದಲ್ಲಿ ದೇವರು ಅವರನ್ನಾದರೂ ಕೂರಿಸಿದನಲ್ಲ, ಅಷ್ಟು ಸಾಕು ಅಂತ ಕೈಮುಗಿದೆ.

ಒಲೆ ನೋಡಿದರೆ ಬೂದಿಯೆಲ್ಲ ಕೆಸರು. ಬಳಿದು ತೆಗೆದು, ಕೆಂಪಮ್ಮನ ಮನೆಯಿಂದ ಬೆರಣಿಯ ಮೇಲೆ ಒಂದು ಕೆಂಡ ಇಟ್ಟುಕೊಂಡು ಬಂದೆ. ಒಲೆ ಮುಟ್ಟುವವರೆಗೂ ಅದು ಕೆಂಪಗೇ ಇತ್ತು. ಇಷ್ಟು ಹತ್ತಿರಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಮೇಷ್ಟ್ರನ್ನು ಕೇಳಲಿಲ್ಲ. ಕೇಳಿದ್ದರೆ ಕೆಂಡ ಆರಿಹೋಗುತ್ತಿತ್ತು. ಊದಿ ಊದಿ ಉರಿ ಎಬ್ಬಿಸಿ, ಮತ್ತೆ ಎಸರಿಟ್ಟೆ.