ಬಿಟ್ಟನ್ ಬುವಾ ಪೋಥಿ ಹಿಡಿದದ್ದು

ನಮ್ಮ ಬಿಟ್ಟನ್ ಬುವಾ ಅರವತ್ತು ಹತ್ತಿರವಾಗುವವರೆಗೆ ದೇವರ ಗೂಡಿನ ಕಡೆ ತಲೆ ಹಾಕಿದ್ದು ಬೆಂಕಿಪೊಟ್ಟಣ ಹುಡುಕಲಿಕ್ಕೆ ಮಾತ್ರ. ಬೀಡಿ ಹಚ್ಚಬೇಕಲ್ಲ! ನನ್ನ ಗಂಡ ಮುನೇಸರನಿಗೆ ಸೋದರತ್ತೆ. ಗೊಂಡಾದ ನಮ್ಮ ಓಣಿಗೆಲ್ಲ ಬುವಾ. ನಾನು ಈ ಮನೆಗೆ ಬಂದು ತಲೆ ನರೆಯುತ್ತ ಬಂದರೂ ಅವಳ ಬಾಯಲ್ಲಿ ಇನ್ನೂ ದುಲ್ಹಿನ್, ಮದುಮಗಳೇ.

ಅಂಥವಳು ಒಂದು ಮಧ್ಯಾಹ್ನ ಕೈ ತೊಳೆದುಕೊಂಡು ಬಂದು, "ದುಲ್ಹಿನ್, ಆ ಪೋಥಿ ಇಳಿಸು. ನಾನೂ ಓದ್ತೀನಿ" ಅಂದಳು. ಕೆಂಪು ಬಟ್ಟೆಯಲ್ಲಿ ಸುತ್ತಿದ ರಾಮಕಥೆಯ ಪೋಥಿ ಮಾವನವರ ಕಾಲದಿಂದ ಗೂಡಿನಲ್ಲಿತ್ತು. ವರ್ಷಕ್ಕೊಮ್ಮೆ ಧೂಳು ಹೊಡೆದು ಕೈಮುಗಿಯುತ್ತಿದ್ದೆವೇ ಹೊರತು ಬಿಚ್ಚಿದವರಿಲ್ಲ.

"ಹುಷಾರಾಗಿದೀರಾ ಬುವಾ?" ಅಂತ ಹಣೆ ಮುಟ್ಟಿ ನೋಡಿದೆ.

"ಸಾಯೋಕೆ ಮುಂಚೆ ಒಂದು ವಿಷಯ ತಿಳ್ಕೋಬೇಕು ಕಣೇ" ಅಂದಳು.

ಆ ವಿಷಯ ಓಣಿಗೆಲ್ಲ ಗೊತ್ತಿದ್ದದ್ದೇ. ಮದುವೆಯಾದ ಎರಡನೇ ವರ್ಷ ಅವಳ ಗಂಡ ಜಗೇಸರ್ ಅವಳನ್ನು ತವರಿನ ಬಾಗಿಲಿಗೆ ತಂದು ಬಿಟ್ಟು, "ನಂಗೇನೂ ಅನುಮಾನ ಇಲ್ಲ, ಆದ್ರೆ ಜನ ಏನೇನೋ ಅಂತಾರೆ" ಎಂದು ಹೋದವನು ತಿರುಗಿ ಬರಲಿಲ್ಲ. ಆಮೇಲೆ ಇನ್ನೊಬ್ಬಳನ್ನು ಕಟ್ಟಿಕೊಂಡ. ಈಗ ಓಣಿಯ ತುದಿಯಲ್ಲೇ ಅವನ ಹಿಟ್ಟಿನ ಗಿರಣಿ, ಹಣೆ ತುಂಬ ಗಂಧ, ಊರವರ ಬಾಯಲ್ಲಿ ದೊಡ್ಡ ಭಕ್ತ, 'ಭಗತ್‌ಜಿ'. ಜನ ಅಂದರೆ ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಬುವಾ ಆಗಲೇ ಒಬ್ಬೊಬ್ಬರ ಮುಖವನ್ನೂ ಅನುಮಾನದಿಂದ ನೋಡಿ, ಕೊನೆಗೆ ಎದುರು ಮನೆಯ ಫೂಲಮತಿಯೇ ಅಂದವಳು ಎಂದು ತೀರ್ಮಾನಿಸಿದ್ದಳು. ಇಬ್ಬರೂ ಕೂಡಿ ಆಡಿ ಬೆಳೆದವರು. ಅಂದಿನಿಂದ ನಲವತ್ತು ವರ್ಷ, ಫೂಲಮತಿ ಮೆಟ್ಟಿಲಿಗೆ ಬಂದರೆ ಬುವಾ ಬಾಗಿಲು ಹಾಕುತ್ತಿದ್ದಳು.

"ಸೀತೆ ಪುಣ್ಯವಂತೆ ಕಣೇ" ಅಂದಳು ಬುವಾ. "ಕಾಡಿಗೆ ಅಟ್ಟಿಸ್ಕೊಂಡ್ರೂ, ಅಂದೋನು ಯಾರು ಅಂತ ಲೋಕಕ್ಕೇ ಗೊತ್ತು. ಆ ಹಾಳೇನ ಜಗೇಸರನ ಕಿವಿಗೆ ಬೀಳೋ ಹಂಗೆ ಓದ್ಬೇಕು ನಾನು. ಓದಿ, ನಿನ್ನ 'ಜನ' ಯಾರಪ್ಪಾ ಅಂತ ಕೇಳ್ಬೇಕು."

ಹೀಗೆ ಶುರುವಾಯಿತು ನಮ್ಮ ಹೊಸ ಭಕ್ತೆಯ ಓದು. ಐದನೇ ಕ್ಲಾಸಿನ ವಿದ್ಯೆ. ಅಕ್ಷರದ ಕೆಳಗೆ ಬೆರಳಿಟ್ಟು ಎಳೆಎಳೆದು ಓದುವಳು. ಬೀಡಿಯ ವಾಸನೆ ರಾಮನಿಗೆ ತಿಳಿಯದಿರಲೆಂದು ಊದುಬತ್ತಿ ಹಚ್ಚುವಳು. ನಡುನಡುವೆ ಅವಳ ತೀರ್ಪು ಬೇರೆ. ದಶರಥನಿಗೆ, "ಮೂರು ಹೆಂಡ್ತೀರು ಬೇಕಿತ್ತಾ ಮುದುಕನಿಗೆ? ಅನುಭವಿಸ್ಲಿ." ಲಕ್ಷ್ಮಣನಿಗೆ, "ಅಣ್ಣನ ಹಿಂದೆ ಓಡಿದ್ಯಲ್ಲ, ಮನೇಲಿ ಹೆಂಡ್ತಿ ಒಬ್ಳು ಇದಾಳೆ ಅನ್ನೋ ಜ್ಞಾನ ಬೇಡ್ವಾ?" ಇಡೀ ಕಥೆಯಲ್ಲಿ ಕೆಲಸ ಮಾಡುವವನು ಹನುಮಂತ ಒಬ್ಬನೇ ಎಂದು ಅವನನ್ನು ಮೆಚ್ಚಿಕೊಂಡಳು. ಬರಬರುತ್ತ ಸಂಜೆ ದೀಪವನ್ನೂ ಹಚ್ಚತೊಡಗಿದಳು. ಹೂವು ಮೊದಲು ಸೀತೆಗೆ, ಮಿಕ್ಕರೆ ರಾಮನಿಗೆ. ಇಷ್ಟಾಗಿ ಎರಡು ತಿಂಗಳಾದರೂ ಕಪಿಗಳು ಸಮುದ್ರ ದಾಟಿರಲಿಲ್ಲ.

ಅಷ್ಟರಲ್ಲಿ ಮುನೇಸರ್ ಟೆಂಪೋ ಕೊಂಡ. ಟೆಂಪೋ ಕೊಂಡವನು ರಾಮಕಥೆಯ ಅಖಂಡ ಪಾಠ ಮಾಡಿಸದಿದ್ದರೆ ನೆಂಟರು ಬಿಡುತ್ತಾರೆಯೇ? ಒಂದು ಬೆಳಗಿನಿಂದ ಮರುದಿನ ಬೆಳಗಿನವರೆಗೆ ಓದು ನಿಲ್ಲಕೂಡದು. ಒಬ್ಬರು ಏಳುವ ಮುಂಚೆ ಇನ್ನೊಬ್ಬರು ಪಕ್ಕದಲ್ಲಿ ಕೂತು ಅದೇ ಸಾಲನ್ನು ಹಿಡಿಯಬೇಕು. ಕೂತವರು ತಾವಾಗಿ ಬಿಟ್ಟುಕೊಡದೆ ಎಬ್ಬಿಸುವಂತಿಲ್ಲ. ಹಾರ್ಮೋನಿಯಂ, ಢೋಲಕ್, ನಿಲ್ಲಿಸಿದಲ್ಲೆಲ್ಲ ಎಲ್ಲರೂ ಸೇರಿ 'ಸೀತಾರಾಮ, ಜೈ ಸೀತಾರಾಮ'. ಊರಿಗೆಲ್ಲ ಕೇಳುವಂತೆ ಮೈಕು. ರಾತ್ರಿ ಪಾಳಿಯವರು ತೂಕಡಿಸುತ್ತ ಎರಡೆರಡು ಹಾಳೆ ಮಗುಚುತ್ತಾರೆ ಎಂಬುದು ರಾಮನಿಗೂ ಗೊತ್ತಿರುವ ಗುಟ್ಟು.

ಮರುದಿನ ಬೆಳಿಗ್ಗೆ ಕೊನೆಯ ಕಾಂಡ ನಡೆದಿತ್ತು. ಪಾಠದ ಮುಖ್ಯಸ್ಥರು ಮಿಸಿರ್‌ಜಿ. ಅವರಿಗೆ ಚಹದ ಚಡಪಡಿಕೆ. ಬುವಾ ಹೋಗಿ ಪಕ್ಕದಲ್ಲಿ ಕೂತಳು. ಪಾಪ, ಹೊಸಬಳು, ನಾಲ್ಕು ಸಾಲು ಓದಿ ಪುಣ್ಯ ಕಟ್ಟಿಕೊಳ್ಳಲಿ ಎಂದು ಅವರು ಎದ್ದರು. ಅಲ್ಲಿಗೆ ಕೆಟ್ಟಿತು. ಮಿಸಿರ್‌ಜಿ ಚಹ ಕುಡಿದರು, ಪಾನ್ ಹಾಕಿದರು, ಬಂದು ಸಾಲು ಹಿಡಿಯಲು ನೋಡಿದರು; ಬುವಾ ಮೊಣಕೈಯಲ್ಲಿ ತಿವಿದಳು. ಒಲೆಯ ಮುಂದೆ ನನ್ನ ಪೂರಿ ಹಿಟ್ಟು ಹುಳಿ ಬರುತ್ತಿತ್ತು. ಉಂಡು ಕೆಲಸಕ್ಕೆ ಹೋಗಬೇಕಾದ ನೆಂಟರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಮುನೇಸರ್ ದೂರದಿಂದ ಕೈಮುಗಿದು, "ಬುವಾ, ಸಾಕು ಬಿಡು" ಎಂದು ಸನ್ನೆ ಮಾಡಿದ. ಅವಳು ಕನ್ನಡಕ ಏರಿಸಿಕೊಂಡಳು. ಎದುರು ಸಾಲಿನಲ್ಲಿ, ಪಾಠ ಯಾರ ಮನೆಯಲ್ಲಿದ್ದರೂ ತಪ್ಪಿಸದ ಜಗೇಸರ್ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದ.

ಪಟ್ಟಾಭಿಷೇಕವಾಯಿತು. ರಾಮರಾಜ್ಯ ಬಂತು. ಕಾಗೆಯೊಂದು ಗರುಡನಿಗೆ ಭಕ್ತಿಯ ಪಾಠ ಹೇಳತೊಡಗಿತು. ಉಳಿದ ಹಾಳೆಗಳು ಬೆರಳೆಣಿಕೆಗೆ ಇಳಿದರೂ ಸೀತೆಯ ಸುದ್ದಿ ಇಲ್ಲ. ಬುವಾ ಹಿಂದೆ ಮಗುಚಿದಳು, ಮುಂದೆ ಮಗುಚಿದಳು. ಓದು ನಿಲ್ಲಿಸುವಂತಿಲ್ಲವಲ್ಲ, ಅದೇ ರಾಗದಲ್ಲಿ ಹಾಡಿಯೇ ಕೇಳಿದಳು:

"ಮಿಸಿರ್‌ಜೀ ಓ ಮಿಸಿರ್‌ಜೀ, ಸೀತೆ ಕಾಡಿಗೆ ಹೋದ ಹಾಳೆ ಎಲ್ಲೀ? ನಿದ್ದೇಲಿ ಮಗುಚಿದಿರೋ, ಹರಿದು ಪಾನ್ ಕಟ್ಟಿದಿರೋ?"

"ಸೀತಾರಾಮ, ಜೈ ಸೀತಾರಾಮ!" ಎಂದಿತು ನಿದ್ದೆಗೆಟ್ಟ ಮೇಳ.

ಪಾಠ ಮುರಿದರೆ ಮಿಸಿರ್‌ಜಿಯ ಮರ್ಯಾದೆ ಮುರಿದಂತೆ. ಅವರೂ ರಾಗದಲ್ಲೇ ಉತ್ತರ ಕೊಟ್ಟರು: "ಆ ಹಾಳೆ ಇದರಲ್ಲಿ ಇಲ್ಲವೇ ಇಲ್ಲ ಬುವಾ, ಪೋಥಿ ಬರೆದ ಬಾಬಾ ಅದನ್ನು ಬರೆಯಲೇ ಇಲ್ಲಾ."

"ಸೀತಾರಾಮ, ಜೈ ಸೀತಾರಾಮ!"

ಎರಡು ತಿಂಗಳು ಬೆರಳಿಟ್ಟು ಓದಿದವಳಿಗೆ ಇದೇನಾ ಫಲ?

"ಬರೆಯೋಕೆ ಬಾಬಾಗೂ ನಾಚಿಕೆ ಆಗಿರ್ಬೇಕು" ಎಂದು ಬುವಾ ಗೊಣಗಿದ್ದು ಮೈಕಿನಲ್ಲಿ ಓಣಿಗೆಲ್ಲ ಕೇಳಿಸಿತು. ಆಮೇಲೆ, ಅಚ್ಚಿನಲ್ಲಿ ಇರುವುದನ್ನೇ ಓದುವವಳ ಹಾಗೆ ಹಾಳೆಯ ಮೇಲೆ ಬೆರಳಿಟ್ಟು ದನಿ ಎತ್ತಿದಳು:

"ಬಿಟ್ಟನ್ ಅನ್ನೋ ಹುಡುಗಿ ಇದ್ದಳು, ಗಂಡನ ಮನೇಲಿ ರೊಟ್ಟಿ ತಟ್ಟಿದಳು. ನನಗೇನು ಅನುಮಾನ ಇಲ್ಲ ಅಂದ ಗಂಡ, ಜನ ಅಂತಾರೆ ಅಂದಾ."

"ಸೀತಾರಾಮ, ಜೈ ಸೀತಾರಾಮ!" ಎಲ್ಲರಿಗಿಂತ ಜೋರು ದನಿ, ಕಣ್ಣು ಮುಚ್ಚಿದ ಜಗೇಸರನದೇ.

"ಭೂಮಿತಾಯಿ ಬಾಯಿ ಬಿಡಲಿಲ್ಲ, ಅಣ್ಣನ ಮನೆಯ ಮೂಲೆಯೇ ಗತಿ. ಜನ ಅಂದ್ರೆ ಯಾರು ಜಗೇಸರ್? ಹೆಸರು ಹೇಳಿ ಪುಣ್ಯ ಕಟ್ಕೋ."

ಮೇಳ ಮತ್ತೆ ಹಾಡಿತು. ಜಗೇಸರನ ಎರಡು ಅಂಗೈಗಳು ಮಾತ್ರ ಒಂದಕ್ಕೊಂದು ಸೇರದೆ ನಿಂತವು. ಬುವಾ ಪೋಥಿಯನ್ನು ಮಿಸಿರ್‌ಜಿಯ ಕಡೆ ತಳ್ಳಿದಳು. ಅವರು ಉಸಿರು ಬಿಡದೆ ಮುಗಿಸಿ ಆರತಿ ಎತ್ತಿದರು.

ಊಟಕ್ಕೆ ಎಲೆ ಬಿತ್ತು. ಎದ್ದು ಹೋದರೆ ಊರಿಗೇ ಉತ್ತರ ಕೊಟ್ಟಂತಾಗುತ್ತದೆಂದು ಜಗೇಸರ್ ಪಂಕ್ತಿಯಲ್ಲಿ ಕೂತ. ಬುವಾ ನನ್ನ ಕೈಯಿಂದ ಪೂರಿಯ ಬುಟ್ಟಿ ಕಿತ್ತುಕೊಂಡು ಹೋಗಿ ಅವನೆದುರು ನಿಂತಳು. ನಾನು ಸೌಟು ಹಿಡಿದು ಹಿಂದೆಯೇ ಹೋದೆ.

"ಹೇಳು" ಅಂದಳು.

ಅವನು ಎಲೆ ನೋಡುತ್ತ, "ಯಾರೂ ಅಂದಿರ್ಲಿಲ್ಲ" ಅಂದ.

"ಏನಂದೆ?"

"ಯಾರೂ ಏನೂ ಅಂದಿರ್ಲಿಲ್ಲ ಬಿಟ್ಟನ್. ಅಪ್ಪ ಬೇರೆ ಕಡೆ ಸಂಬಂಧ ನೋಡಿದ್ರು. ಹೊಲ ಬರೋದಿತ್ತು. ನಿನ್ನ ಬಿಡೋಕೆ ಏನಾದ್ರೂ ಹೇಳ್ಬೇಕಿತ್ತಲ್ಲ. ಹೇಳ್ದೆ."

ಸೌಟು ಅವನ ತಲೆಯ ಮೇಲೆ ಇಳಿಸಬೇಕೆಂದು ನನ್ನ ಕೈ ತುರಿಸಿತು. ಬುವಾ ತಿರುಗಿ ಹೆಂಗಸರ ಸಾಲಿನ ತುದಿಗೆ ನಡೆದಳು. ಅಲ್ಲಿ ಫೂಲಮತಿ ಕೂತಿದ್ದಳು. ಓಣಿಗೆಲ್ಲ ಕರೆದಾಗ ಅವಳನ್ನು ಬಿಡುವುದು ಹೇಗೆಂದು ನಾನೇ ಕದ್ದು ಕರೆದಿದ್ದೆ.

ಬುವಾ ಅವಳ ಎಲೆಗೆ ಎರಡು ಪೂರಿ ಹಾಕಿದಳು. "ತಿನ್ನೇ ಫೂಲಾ" ಅಂದಳು.

ಫೂಲಮತಿ ಮುಖ ಎತ್ತಿದಳು. ಕಣ್ಣು ತುಂಬಿದ್ದರೂ ಬಾಯಿ ಬಿಗಿಯಾಗಿಯೇ ಇತ್ತು. "ನಲವತ್ತು ವರ್ಷ ಮುಖಕ್ಕೆ ಬಾಗಿಲು ಹಾಕಿ, ಎರಡು ಪೂರೀಲಿ ಮುಗಿಸ್ತೀಯಾ ಮುದಿಗೂಬೆ? ಕೂತ್ಕೋ ಇಲ್ಲಿ!" ಎಂದು ಸೆರಗು ಹಿಡಿದು ಜಗ್ಗಿದಳು.

ಬುವಾ ಕೂತಳು. ಇಬ್ಬರೂ ಒಂದೇ ಎಲೆಯಲ್ಲಿ ಉಂಡರು. ಭಗತ್‌ಜಿಯ ಎಲೆಗೆ ಮಾತ್ರ ಆವತ್ತು ಒಂದು ಪೂರಿಯೂ ಬೀಳಲಿಲ್ಲ. ಬಡಿಸುವವಳು ನಾನೇ ಆಗಿದ್ದೆ.