ಗೌಡರು ನೋಡದ ಉಲ್ಕೆ

ಮಟಮಟ ಮಧ್ಯಾಹ್ನ, ಪಾರಿಶ್ವಾಡದ ಹತ್ತಿರ ನಮ್ಮ ಹೊಲದ ಮೇಲೆ ಸೂರ್ಯನಿಗೇ ಸೆಡ್ಡು ಹೊಡೆಯುವಂಥ ಬೆಳಕಿನ ಉಂಡೆಯೊಂದು ಹಾದುಹೋಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ತೀರಿಕೊಂಡ ಮೇಲೆ ಕಾಕಾನಿಗೂ ಅವ್ವನಿಗೂ ಹೊಲ ಪಾಲಾಗುವ ದಿನ ಅದು. ಗೌಡರೂ ಇನ್ನು ನಾಲ್ವರು ಹಿರಿಯರೂ ಹಗ್ಗ ಹಿಡಿದು ಅಳೆಯುತ್ತಿದ್ದರು.

ಕೊನೆಯ ಗೂಟ ಬಡಿಯುವವರೆಗೆ ಹೊಲ ಬಿಟ್ಟು ಕದಲುವುದಿಲ್ಲ ಎಂದು ಐವರೂ ಬೆಳಿಗ್ಗೆ ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದರು. ಅವ್ವ ಮನೆಯಲ್ಲಿ ಅವರಿಗಾಗಿ ಹೋಳಿಗೆ ಮಾಡುತ್ತಿದ್ದಳು.

ಬಾವಿ ನಮ್ಮ ಪಾಲಿಗೆ ಬಂದಿತ್ತು, ಗೂಟದಿಂದ ಎರಡೇ ಮಾರು ಒಳಗೆ. ಅವ್ವನಿಗೆ ಬೇಕಾಗಿದ್ದದ್ದೂ ಅದೊಂದೇ... ನೀರಿಲ್ಲದ ಹೊಲ ತಗೊಂಡು ಏನು ಮಾಡುವುದು?

ಆಗಲೇ ಆ ಬೆಳಕು. ಸ್ವಲ್ಪ ಹೊತ್ತಿಗೆ ಗುಡುಗಿನಂಥ ಸದ್ದು.

ನಾನು ಬೆಳಗಾವಿಯಲ್ಲಿ ಬಿಎಸ್ಸಿ ಮುಗಿಸಿದ ಹೊಸತು. ಸುಮ್ಮನಿರಲಾದೀತೇ? “ಉಲ್ಕೆ ರೀ ಅದು, ಗುಡ್ಡದ ಆಚೀಕ ಬಿದ್ದೈತಿ, ಬರ್ರಿ” ಎಂದು ಓಡಿದೆ.

ಐವರೂ ಧೋತರ ಎತ್ತಿ ಕಟ್ಟಿ ನನ್ನ ಹಿಂದೆ ಓಡಿದರು. ಮೊಳಕಾಲು ನೋವೆಂದು ಬೆಳಿಗ್ಗೆಯಿಂದ ಕುಂಟುತ್ತಿದ್ದ ಗೌಡರು ನನ್ನನ್ನೇ ಹಿಂದೆ ಹಾಕಿದರು.

ಕಾಕಾ ಮಾತ್ರ ಬರಲಿಲ್ಲ. “ನೀವು ನೋಡಿ ಬರ್ರಿ, ಹಗ್ಗ ನಾ ಕಾಯ್ತೀನಿ” ಅಂದ. ಎಂಥ ತ್ಯಾಗ ನೋಡಿ.

ಗುಡ್ಡದಾಚೆ ಎರಡು ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ.

ತಿರುಗಿ ಬಂದು ನೋಡಿದರೆ ಗೂಟ ಬಾವಿ ದಾಟಿ ನಮ್ಮ ಕಡೆ ಬಂದು ನಿಂತಿದೆ. ಬಾವಿ ಕಾಕಾನದಾಗಿದೆ.

ಐವರೂ ಗೂಟ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೂಟ ಸರಿದಿದೆ ಎಂದರೆ ತಾವು ಹೊಲ ಬಿಟ್ಟು ಓಡಿದ್ದನ್ನೂ, ಆಣೆ ಮುರಿದದ್ದನ್ನೂ ಒಪ್ಪಿಕೊಳ್ಳಬೇಕಲ್ಲ...

ಗೌಡರು ಗಂಟಲು ಸರಿಮಾಡಿಕೊಂಡರು. “ಗೂಟ ಇದ್ದಲ್ಲೇ ಐತಿ. ನಾವೂ ಇದ್ದಲ್ಲೇ ಅದೀವಿ.”

ಹಾಗಾದರೆ ಉಲ್ಕೆ ನೋಡಲು ಓಡಿದವರು ಯಾರು ಎಂದು ಕೇಳಿದೆ.

“ಯಾವ ಉಲ್ಕೆನೋ ತಮ್ಮಾ? ನಡುಮಧ್ಯಾಹ್ನ ಚುಕ್ಕಿ ಕಂಡಾವೇನು ನಿನಗ?”

ದೇವರ ಆಣೆ ಉಳಿಯಿತು. ಐವರೂ ಮನೆಗೆ ಬಂದು ತುಪ್ಪ ಹಾಕಿಸಿಕೊಂಡು ಹೋಳಿಗೆ ಉಂಡು ಹೋದರು.

ಎರಡು ದಿನಕ್ಕೆ, ನಾನು ಬೆಳಗಾವಿಗೆ ಹೋಗಿದ್ದಾಗ, ಪೇಪರಿನಲ್ಲಿ ಉಲ್ಕೆಯ ಸುದ್ದಿ ಬಂತು. ಖಾನಾಪುರದ ಬಸ್ಸು ಹಿಡಿದು ಊರಿಗೆ ಒಯ್ದು ಗೌಡರ ಕೈಗೇ ಕೊಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು.

“ಖರೇನ, ನಮ್ಮ ಕಡೀನೇ ಹೋಗೇತಂತ. ಛೇ, ನಮಗ ನೋಡಾಕ ಸಿಗಲಿಲ್ಲ ನೋಡು.”

ಅವ್ವ ಮಾತ್ರ ಅವರಲ್ಲಿ ಒಬ್ಬರಿಗೂ ಬೈಯಲಿಲ್ಲ. “ಅವ್ರು ಊರ ಮಂದಿ, ಓಡಿದ್ರು. ಬಾವಿ ನಮ್ಮದಿತ್ತಲ್ಲೋ, ನೀ ಯಾಕ ಓಡಿದಿ?” ಎಂದಳು.

ನಲವತ್ತು ವರ್ಷವಾಯಿತು... ನೀವೇ ಹೇಳಿ, ಅವಳಿಗೆ ಏನೆಂದು ಉತ್ತರ ಕೊಡಬೇಕಿತ್ತು?